ಇಲ್ಲ, ಅಳಿಯ ಮಾಡಿಕೊಟ್ಟಿದ್ದಲ್ಲ

ಪ್ರಶ್ನೆ ಇದು: "ಅಕ್ಕೋರ, ಆರು ತಿಂಗಳು ಅಲ್ಲಿ ಇರ್ತೀರಿ, ಆರು ತಿಂಗಳು ಇಲ್ಲಿ. ಕಂಪ್ಯೂಟರು, ಇಂಟರ್ನೆಟ್ಟು, ಈಮೇಲು ಎರಡೂ ಕಡಿ ಹೆಂಗ ನಡಸ್ತೀರಿ?"

ಅಲ್ಲಿ ಅಂದರೆ ಅಮೆರಿಕದ ಡಲ್ಲಾಸಿನಲ್ಲಿ ಮಗಳ ಮನೆ, ಇಲ್ಲಿ ಅಂದರೆ ರಾಯಚೂರು. ತೀನ್ ಕಂದೀಲ್ ಹತ್ತಿರ ಬದನೆಕಾಯಿ ಆರಿಸುವಾಗ ಕೇಳಿದ್ದಾರೆ. ದವಾಖಾನೆಯಲ್ಲಿ ತೋಳಿಗೆ ಬಿಪಿ ಪಟ್ಟಿ ಸುತ್ತಿ ಗಾಳಿ ತುಂಬುವಾಗ, ತುಂಬುತ್ತಿದ್ದ ನರ್ಸಮ್ಮನೇ ಕೇಳಿದ್ದಾಳೆ. ಬಾಯಿ ನೋಯುತ್ತದೆ. ಅದಕ್ಕೆ ಬರೆದು ಹಾಕುತ್ತಿದ್ದೇನೆ.

ಒಂದೇ ಲ್ಯಾಪ್‌ಟಾಪ್. ಯಾವ ಇಂಟರ್ನೆಟ್ ಕಂಪನಿಯ ಹಂಗೂ ಇಲ್ಲದ ಒಂದು ಈಮೇಲ್ ವಿಳಾಸ. ಎರಡು ಸಿಮ್ ಹಿಡಿಯುವ ಒಂದು ಫೋನ್. ಹೊರಡುವ ದಿನ ರಾಯಚೂರಿನ ಮನೆಯ ರೌಟರಿನ ಪ್ಲಗ್ ಕಿತ್ತಿಡುವುದು. ಮುಗೀತು. ಅವಸರ ಇದ್ದವರು ಇಲ್ಲಿಗೇ ಏಳಬಹುದು.

ಯಾರೂ ಏಳುವುದಿಲ್ಲ. ಬೆನ್ನಿಗೇ ಎರಡನೆಯದು ಬರುತ್ತದೆ: "ಅಳಿಯ ಮಾಡಿಕೊಟ್ಟಾರಲ್ರಿ?" ಇದನ್ನು ಕೇಳುವುದೂ ಇಲ್ಲ, ತಾವೇ ಹೇಳಿ ತಾವೇ ತಲೆ ಆಡಿಸುತ್ತಾರೆ. ಅಳಿಯ ಒಳ್ಳೆಯವನು. ಡಲ್ಲಾಸಿನಲ್ಲಿ ಕಂಪ್ಯೂಟರಿನ ಕೆಲಸವೇ ಮಾಡುತ್ತಾನೆ. ಆದರೆ ಅತ್ತೆಗೆ ಈಮೇಲ್ ಕಲಿಸುವ ತಾಳ್ಮೆ ಅವನಿಗಿಲ್ಲ, ಅವನ ಹತ್ತಿರ ಕಲಿಯುವ ತಾಳ್ಮೆ ನನಗೂ ಇಲ್ಲ. "ಕೊಡ್ರಿ ಇಲ್ಲೆ, ನಾ ಮಾಡ್ತೀನಿ" ಅಂತ ಕಸಿದುಕೊಂಡು ಹತ್ತು ಸೆಕೆಂಡಿನಲ್ಲಿ ಏನೋ ಒತ್ತಿ ವಾಪಸ್ ಕೊಡುವವನಿಂದ ಯಾರಾದರೂ ಏನು ಕಲಿತಾರು?

ಹೋದ ಮಾಘದಲ್ಲಿ ಸಿಂಧನೂರಿನಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ನಾನು, ಎಡಕ್ಕೆ ನಮ್ಮ ಮನೆಯವರು, ಬಲಕ್ಕೆ ಬೀಗರ ಕಡೆಯ ಹಿರಿಯರೊಬ್ಬರು. ಅವರ ಮಗ ಕೆನಡಾಕ್ಕೆ ಹೊರಟಿದ್ದಾನೆ. ಪ್ರಶ್ನೆ ನನ್ನ ಹೋಳಿಗೆಯ ಮೇಲಿಂದ ಹಾದು ನಮ್ಮ ಮನೆಯವರಿಗೆ ಹೋಯಿತು: "ಸರ್, ಈಮೇಲ್ ಪಾಸ್‌ವರ್ಡ್ ಎರಡೂ ದೇಶಕ್ಕ ಒಂದ ಇರ್ತದೇನ್ರಿ?" ಫೋನಿನಲ್ಲಿ ಅಕ್ಷರ ತಾನಾಗಿ ದೊಡ್ಡದಾದರೆ "ಏ, ಇದಕ್ಕೇನೋ ಆಗ್ಯಾದ ನೋಡು" ಅಂತ ಅಡುಗೆಮನೆಗೆ ಓಡಿ ಬರುವ ಮನುಷ್ಯ, ತುಪ್ಪ ಹಾಕಿಸಿಕೊಳ್ಳುತ್ತಾ ಗಂಭೀರವಾಗಿ ಹೇಳಿದರು: "ಅದರಾಗೇನದರೀ, ಒಮ್ಮೆ ಸೆಟ್ ಮಾಡಿದ್ರ ಆತು." ಆ ಹಿರಿಯರು ಮೆಚ್ಚಿಕೊಂಡರು. ನಾನು ಎರಡನೆಯ ಹೋಳಿಗೆ ಬೇಡವೆಂದೆ. ನಾನು ಹೋಳಿಗೆ ಬೇಡವೆನ್ನುವುದು ಎಷ್ಟು ದೊಡ್ಡ ಮಾತು ಅಂತ ನಮ್ಮ ಮನೆಯವರಿಗೆ ಮಾತ್ರ ಗೊತ್ತು.

ಯಾರೂ ಕೇಳದ ಪ್ರಶ್ನೆ ಒಂದಿದೆ: "ಕಲಿಯೋವಾಗ ಏನೇನ್ ಕೆಡಿಸಿದ್ರಿ?" ಹೀಗೆ ಕೇಳಿದರೆ ಕೂಡಿಸಿ, ಚಹಾ ಮಾಡಿಕೊಟ್ಟು ಹೇಳುತ್ತೇನೆ.

ಮೊದಲು ಸುಟ್ಟಿದ್ದು ಒಂದು ಇಡೀ ಪವರ್ ಸಪ್ಲೈ, ಅಂದರೆ ಕಂಪ್ಯೂಟರಿನೊಳಗೆ ಕರೆಂಟ್ ಹಂಚುವ ಭಾಗ. 2008ರ ಮಾತು. ಮಗಳು ಹೊಸ ಕಂಪ್ಯೂಟರ್ ತಗೊಂಡಳು, ಹಳೆಯದು ಗ್ಯಾರೇಜಿನಲ್ಲಿ ಬಿದ್ದಿತ್ತು. ಚಲೋ ಇದ್ದ ವಸ್ತು ಬಿಟ್ಟುಬರುವ ಜಾತಿ ನಾನಲ್ಲ. ಸಿಪಿಯು ಡಬ್ಬಿಯನ್ನು ನಾಲ್ಕು ಇಳಕಲ್ ಸೀರೆಯಲ್ಲಿ ಸುತ್ತಿ 23 ಕಿಲೋದ ಸೂಟ್‌ಕೇಸಿನಲ್ಲಿ ತಂದೆ. ಇಲ್ಲಿ ಮಾನಿಟರ್ ಕೊಂಡೆ, ವಯರ್ ಹಚ್ಚಿದೆ, ಸ್ವಿಚ್ ಒತ್ತಿದೆ. ಫಟ್! ಮನೆಯ ಫ್ಯೂಜ್ ಹೋಯಿತು. ಸುಟ್ಟ ವಾಸನೆ ಎರಡು ದಿನ ದೇವರ ಕೋಣೆಯವರೆಗೂ ಇತ್ತು.

ರಿಪೇರಿ ಅಂಗಡಿಯ ಹುಡುಗ ಡಬ್ಬಿ ತಿರುಗಿಸಿ ಹಿಂದೆ ಉಗುರಿನಷ್ಟು ಕೆಂಪು ಸ್ವಿಚ್ಚೊಂದನ್ನು ತೋರಿಸಿದ. ಅದರ ಮೇಲೆ 115 ಅಂತಿತ್ತು. "ಮೇಡಂ, ಇದನ್ನ 230ಕ್ಕ ಸರಸದ ಯಾರ್ ಹಚ್ಚಿದ್ರಿ?" ನಾನು, "ಕರೆಂಟ್ ಹೆಚ್ಚಿಗಿ ಬಂತಪ್ಪ" ಅಂದೆ.

ಸುಳ್ಳೂ ಅಲ್ಲ, ನಿಜವೂ ಅಲ್ಲ. ಅಮೆರಿಕದಲ್ಲಿ ಮನೆಗೆ ಬರುವುದು 120 ವೋಲ್ಟ್, 60 ಹರ್ಟ್ಸ್. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಸ್ವಿಚ್ 115ರ ಕಡೆ ಇದ್ದರೆ ಒಳಗಿನ ಸರ್ಕ್ಯೂಟು ಬಂದ ವೋಲ್ಟೇಜನ್ನು ದುಪ್ಪಟ್ಟು ಮಾಡಿಕೊಳ್ಳುತ್ತದೆ. ಅಲ್ಲಿಯ 120ಕ್ಕೆ ಅದು ಸರಿ, ನಮ್ಮ 230ಕ್ಕೆ ಸಾವು. ಇದನ್ನು ಹೇಳಲು ನಾಚಿಕೆ ಯಾಕೆಂದರೆ, ನಾನು 31 ವರ್ಷ ಸರಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ಓಮನ ನಿಯಮ ನಿದ್ದೆಯಲ್ಲೂ ಹೇಳುತ್ತೇನೆ. 1985ರಲ್ಲಿ 210 ಮೆಗಾವ್ಯಾಟಿನ ಮೊದಲ ಘಟಕ ಶುರುವಾದ ಶಕ್ತಿನಗರದ ಶಾಖೋತ್ಪನ್ನ ಕೇಂದ್ರಕ್ಕೆ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ದು, ಕಲ್ಲಿದ್ದಲಿನಿಂದ ನಿಮ್ಮ ಮನೆಯ ಬಲ್ಬಿನವರೆಗೆ ಅಂತ ಪಾಠ ಮಾಡಿದವಳು. ಅಂಥವಳು ಡಬ್ಬಿಯ ಹಿಂದಿನ ಮೂರು ಅಂಕಿ ಓದಲಿಲ್ಲ. ಅದೃಷ್ಟಕ್ಕೆ ಹಾರ್ಡ್ ಡಿಸ್ಕ್ ಉಳಿದಿತ್ತು.

ಅಂದಿನಿಂದ ಯಾವ ವಸ್ತುವನ್ನೂ ಮೊದಲು ಮಗುಚಿ ಲೇಬಲ್ ಓದುತ್ತೇನೆ. ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ 100–240 ವೋಲ್ಟ್, 50/60 ಹರ್ಟ್ಸ್ ಅಂತ ಇದ್ದರೆ ಎರಡೂ ದೇಶದಲ್ಲಿ ನಡೆಯುತ್ತದೆ, ಪಿನ್ ಮಾತ್ರ ಬದಲು. ಅಲ್ಲಿಯದು ಚಪ್ಪಟೆ ಕಡ್ಡಿ, ನಮ್ಮದು ದುಂಡನೆಯ ಮೂರು. ಪಿನ್ ಬದಲಿಸುವ ಅಡಾಪ್ಟರ್ ಬರೀ ಆಕಾರ ಬದಲಿಸುತ್ತದೆ, ವೋಲ್ಟೇಜ್ ಅಲ್ಲ. ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ, ಅಷ್ಟೇ ಜನ ಅಮೆರಿಕಕ್ಕೆ ಮಿಕ್ಸಿ ಒಯ್ದು "ತಿರುಗವಲ್ಲದು ಅಕ್ಕೋರ" ಅಂತ ಫೋನ್ ಮಾಡಿದ್ದಾರೆ.

ಎರಡನೆಯದಾಗಿ ಕೆಟ್ಟದ್ದು ಈಮೇಲ್. ನನ್ನ ಮೊದಲ ವಿಳಾಸ ಇಂಟರ್ನೆಟ್ ಲೈನಿನ ಜೊತೆ ಪುಕ್ಕಟೆ ಬಂದಿತ್ತು. ಪುಕ್ಕಟೆ ಅಂದರೆ ನಾನು ಹಿಂದೆಮುಂದೆ ನೋಡುವುದಿಲ್ಲ, ಅದು ನನ್ನ ದೋಷ. ಕಂಪ್ಯೂಟರು ಪಾಪ್ ಪದ್ಧತಿಯಲ್ಲಿ ಪತ್ರಗಳನ್ನು ಎಳೆದುಕೊಂಡು ಸರ್ವರಿನಿಂದ, ಅಂದರೆ ಪತ್ರ ಬಂದು ಬೀಳುವ ಕಂಪನಿಯ ಕಂಪ್ಯೂಟರಿನಿಂದ, ಅಳಿಸಿಬಿಡುತ್ತಿತ್ತು. ಹಾಗಾಗಿ ಹಳೆಯ ಪತ್ರವೆಲ್ಲ ರಾಯಚೂರಿನ ನಿಜಲಿಂಗಪ್ಪ ಕಾಲೋನಿಯ ಮನೆಯಲ್ಲಿ ಮೇಜಿನ ಕೆಳಗಿನ ಡಬ್ಬಿಯಲ್ಲಿ, ನಾನು ಡಲ್ಲಾಸಿನಲ್ಲಿ. ಹೊಸ ಪತ್ರ ಅಲ್ಲೂ ಬರುತ್ತಿತ್ತು, ಆದರೆ ನಾನು ಬರೆದದ್ದು ಹೋಗುತ್ತಿರಲಿಲ್ಲ. ಕಂಪನಿಯ ಹೊರಹೋಗುವ ಸರ್ವರು ತನ್ನ ಲೈನಿನಿಂದ ಬಂದದ್ದನ್ನು ಮಾತ್ರ ತೆಗೆದುಕೊಳ್ಳುತ್ತಿತ್ತು. ಅದು ಗೊತ್ತಿಲ್ಲದೆ ಒಂದೇ ಪತ್ರವನ್ನು ಹನ್ನೊಂದು ಸಲ ಕಳಿಸಿದೆ. ಸಾಲದ್ದಕ್ಕೆ ಬಾಡಿಗೆ ಉಳಿಸೋಣ ಅಂತ ಮುಂದಿನ ವರ್ಷ ಲೈನ್ ತೆಗೆಸಿದೆ. ವಿಳಾಸವೂ ಅದರ ಹಿಂದೆಯೇ ಹೋಯಿತು. ಹಳೆಯ ವಿದ್ಯಾರ್ಥಿಗಳು ತಮ್ಮ ಕೂಟದ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದ ವಿಳಾಸ ಅದು. ಎಷ್ಟು ಮಕ್ಕಳು ಬರೆದು, ಟೀಚರಿಗೆ ಸೊಕ್ಕು ಬಂದಿದೆ ಅಂದುಕೊಂಡರೋ.

ಈಗ ಐಮ್ಯಾಪ್ ಪದ್ಧತಿ. ಪತ್ರ ಸರ್ವರಿನಲ್ಲೇ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ಓದಿದರೂ ಅದೇ, ಫೋನಿನಲ್ಲಿ ಓದಿದರೂ ಅದೇ, ಒಂದು ಕಡೆ ಅಳಿಸಿದರೆ ಎಲ್ಲ ಕಡೆ ಹೋಯಿತು. ಕೈಯಿಂದ ಹೊಂದಿಸುವವರಿಗೆ: ಪತ್ರ ಓಡಾಡುವ ಬಾಗಿಲಿನ ನಂಬರು, ಅಂದರೆ ಪೋರ್ಟು, ಬರುವುದಕ್ಕೆ 993, ಹೋಗುವುದಕ್ಕೆ 587 ಅಥವಾ 465. ಹಳೆಯ 25ನೇ ಪೋರ್ಟನ್ನು ಮನೆಯ ಲೈನುಗಳಲ್ಲಿ ಬಹಳ ಕಡೆ ಮುಚ್ಚಿರುತ್ತಾರೆ. ಕನ್ನಡವನ್ನು ಎಲ್ಲ ಕಂಪ್ಯೂಟರೂ ಓದುವ ಯೂನಿಕೋಡಿನಲ್ಲೇ ಬರೆಯಿರಿ. ಹಳೆಯ ನುಡಿ ಫಾಂಟಿನಲ್ಲಿ ನಾನು ಬರೆದಿಟ್ಟಿದ್ದ ಉಪ್ಪಿನಕಾಯಿಯ ಅಳತೆ ಮಗಳ ಕಂಪ್ಯೂಟರಿನಲ್ಲಿ ಬೈಗುಳದ ಹಾಗೆ ಕಂಡಿತ್ತು.

ಮೂರನೆಯದು ಓಟಿಪಿ. ನಿಜವಾದ ತಲೆನೋವು ಇದೊಂದೇ, ಇದನ್ನು ಯಾರೂ ಕೇಳುವುದಿಲ್ಲ. ಮಗಳ ಎರಡನೆಯ ಬಾಣಂತನಕ್ಕೆ ನಾನೊಬ್ಬಳೇ ಹೋಗಿದ್ದೆ, ಮನೆಯವರು ಇಲ್ಲಿ. ಬ್ಯಾಂಕಿಗೆ ಕೊಟ್ಟಿದ್ದು ನನ್ನ ನಂಬರು. ಬೇಸಿಗೆಯಲ್ಲಿ ಡಲ್ಲಾಸು ನಮಗಿಂತ ಹತ್ತೂವರೆ ತಾಸು ಹಿಂದೆ. ಇವರು ಊಟಕ್ಕೆ ಮುಂಚೆ ಹನ್ನೊಂದು ಗಂಟೆಗೆ ಆರಾಮಾಗಿ ಬಿಲ್ ಕಟ್ಟಲು ಕೂತರೆ ನನಗೆ ರಾತ್ರಿ ಹನ್ನೆರಡೂವರೆ. ಕೂಸು ಆಗಷ್ಟೇ ಮಲಗಿರುತ್ತಿತ್ತು. ಫೋನ್: "ಬಂತೇನು?" "ಏನು?" "ನಂಬರ್ ಬಂತೇನು?" ಕೂಸು ಎದ್ದಿತು. ನಂಬರಿನ ಅವಧಿ ಮುಗಿಯಿತು. "ಇನ್ನೊಮ್ಮೆ ಕಳಸ್ಲೇನು?"

ಆದ್ದರಿಂದ ಹೊರಡುವ ಮುಂಚೆ ರೋಮಿಂಗ್ ಶುರುಮಾಡಿಸಿ, ಮೆಸೇಜ್ ಬರುವಂತಿರಲಿ, ಆದರೆ ಆ ಸಿಮ್ಮಿನ ಡೇಟಾ ರೋಮಿಂಗ್ ಬಂದ್ ಇರಲಿ, ಇಲ್ಲದಿದ್ದರೆ ಬಿಲ್ ನೋಡಿ ಎದೆ ಹಿಡಿದುಕೊಳ್ಳುತ್ತೀರಿ. ರೀಚಾರ್ಜ್ ಮರೆಯಬೇಡಿ. 90 ದಿನ ಬಳಕೆಯಿಲ್ಲದೆ ಬಿದ್ದ ಪ್ರಿಪೇಯ್ಡ್ ನಂಬರು ರದ್ದಾಗಬಹುದು, ಆಮೇಲೆ ಅದು ಬೇರೆಯವರ ಪಾಲು. ಈಮೇಲ್ ತೆರೆಯುವಾಗ ಕೇಳುವ ನಂಬರಿಗೆ ಮೆಸೇಜಿನ ಗೊಡವೆಯೇ ಬೇಡ, ಆ ನಂಬರನ್ನು ಫೋನಿನಲ್ಲೇ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿ. ಇದು ನನಗೆ ಬಲು ಪ್ರೀತಿಯದು, ಪಾಠ ಮಾಡಬೇಕೆನಿಸುತ್ತದೆ. ಒಂದು ಗುಟ್ಟಿನ ಸಂಖ್ಯೆ ನಿಮ್ಮ ಫೋನಿನಲ್ಲೂ ಅವರ ಸರ್ವರಿನಲ್ಲೂ ಇರುತ್ತದೆ. ಅದಕ್ಕೆ ಗಡಿಯಾರವನ್ನು ಸೇರಿಸಿ ಎರಡೂ ಕಡೆ ಒಂದೇ ಲೆಕ್ಕ ಮಾಡುತ್ತಾರೆ, 30 ಸೆಕೆಂಡಿಗೊಮ್ಮೆ ಹೊಸ ನಂಬರು. ಸಿಮ್ ಬೇಡ, ನೆಟ್‌ವರ್ಕ್ ಬೇಡ. ಲೆಕ್ಕ ಜಗತ್ತಿಗೆಲ್ಲ ಒಂದೇ ಆದ ಸಮಯದ ಮೇಲೆ ನಡೆಯುವುದರಿಂದ ರಾಯಚೂರೂ ಒಂದೇ, ಡಲ್ಲಾಸೂ ಒಂದೇ. ಫೋನೇ ಕಳೆದರೆ ಅಂತ ಅವರು ಕೊಡುವ ಬ್ಯಾಕಪ್ ನಂಬರುಗಳನ್ನು ಕಾಗದದಲ್ಲಿ ಬರೆದು ಜೋಳದ ಡಬ್ಬಿಯಲ್ಲಿಟ್ಟಿದ್ದೇನೆ. ಯಾವ ಡಬ್ಬಿ ಅಂತ ಮನೆಯವರಿಗೂ ಹೇಳಿಲ್ಲ.

ಮೊನ್ನೆ ಹಿಂದಿನ ಓಣಿಯಾಕಿ ಬಂದಿದ್ದಳು. ಮಗಳು ಜರ್ಮನಿಯಲ್ಲಿ, ಏಳು ತಿಂಗಳ ಬಸುರಿ. ಕೈಚೀಲದಲ್ಲಿ ಮಿಕ್ಸಿ. "ಅಕ್ಕೋರ, ಇದು ಅಲ್ಲಿ ನಡೀತದೇನ್ರಿ?" ಮಗುಚಿ ಲೇಬಲ್ ತೋರಿಸಿದೆ. ಜರ್ಮನಿಯಲ್ಲೂ 230 ವೋಲ್ಟ್, 50 ಹರ್ಟ್ಸ್, ನಮ್ಮಂತೆಯೇ. ಪಿನ್ನಿಗೊಂದು ಅಡಾಪ್ಟರ್ ಇದ್ದರೆ ಸಾಕು, ಧೈರ್ಯವಾಗಿ ಒಯ್ಯಿ ಅಂದೆ. ಬಿಡಲಿಲ್ಲ, ಕೆಂಪು ಸ್ವಿಚ್ಚಿನ ಕತೆಯನ್ನೂ ಪೂರ್ತಿ ಹೇಳಿದೆ. ಆಕೆ ಚಹಾ ಕುಡಿದು, ನಕ್ಕು, ಮಿಕ್ಸಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

"ಭಾಳ ಚಲೋ ಆತ್ರಿ ಅಕ್ಕೋರ. ಎದಕ್ಕೂ ನಮ್ಮ ಅಳಿಯಗ ಒಂದ್ ಮಾತು ಕೇಳಿಬಿಡ್ತೀನ್ರಿ."