ತಾನಾಗಿ ಎಚ್ಚರವಾಗುವ ಟ್ರಿಪ್ಸಿನ್

2024 ಮಾರ್ಚ್ 12, ಮಂಗಳವಾರ

ಕಾಯುತ್ತಿದ್ದ ಪಾರ್ಸೆಲ್ ಕೊನೆಗೂ ಬಂತು. ಒಳಗೆ ಪುಟ್ಟ ಟ್ಯೂಬು, ತಳದಲ್ಲಿ ಚೂರು ಬಿಳಿ ಪುಡಿ. ಮಾನವ ಟ್ರಿಪ್ಸಿನೋಜೆನ್, ಅಂದರೆ ಪ್ರೋಟೀನನ್ನು ಕತ್ತರಿಸುವ ಜೀರ್ಣಕಿಣ್ವ ಟ್ರಿಪ್ಸಿನ್‌ನ ಇನ್ನೂ ಎಚ್ಚರವಾಗದ ರೂಪ. ಮನುಷ್ಯನ ದೇಹದಿಂದ ತೆಗೆದದ್ದಲ್ಲ. ಇದನ್ನು ಮಾಡಿಸುವ ಮನುಷ್ಯನ ಪಿಆರ್‌ಎಸ್‌ಎಸ್1 ಜೀನನ್ನು ಈ. ಕೋಲೈ ಬ್ಯಾಕ್ಟೀರಿಯಾದೊಳಗೆ ಸೇರಿಸಿ ಮಾಡಿಸಿದ ರೀಕಾಂಬಿನಂಟ್ ಪ್ರೋಟೀನು. 'ಸಂಶೋಧನೆಗೆ ಮಾತ್ರ' ಅಂತ ದೊಡ್ಡ ಚೀಟಿ ಬೇರೆ.

ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿ ಕೇಳಿದಳು, "ಮೇಡಂ, ಹಂದಿಯ ಟ್ರಿಪ್ಸಿನ್ ಫ್ರೀಜರ್‌ನಲ್ಲೇ ಇದೆಯಲ್ಲ, ಇದ್ಯಾಕೆ ಬೇಕಿತ್ತು?"

ಸರಿಯಾದ ಪ್ರಶ್ನೆಯೇ. ಪ್ಲೇಟಿಗೆ ಅಂಟಿದ ಜೀವಕೋಶಗಳನ್ನು ಬಿಡಿಸಲು ಹಂದಿಯದೇ ಸಾಕು. ಆದರೆ ನಾವು ನೋಡುತ್ತಿರುವುದು ಮನೆತನದಲ್ಲಿ ಬರುವ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ. 1996ರಲ್ಲಿ ಅದರ ಮೂಲ ಇದೇ ಜೀನಿನಲ್ಲಿ ಸಿಕ್ಕಿತು. ಈಗಿನ ಎಣಿಕೆಯಲ್ಲಿ ಪ್ರೋಟೀನಿನ 122ನೇ ಜಾಗದ ಆರ್ಜಿನೈನ್ ಎಂಬ ಅಮೈನೊ ಆಮ್ಲ ಹೋಗಿ ಅಲ್ಲಿ ಹಿಸ್ಟಿಡಿನ್ ಕೂತಿರುತ್ತದೆ. ಟ್ರಿಪ್ಸಿನ್ ಕತ್ತರಿಸುವುದೇ ಲೈಸಿನ್ ಅಥವಾ ಆರ್ಜಿನೈನ್ ಆದ ಮೇಲೆ. ಅಂದರೆ ತನ್ನನ್ನು ತಾನೇ ತುಂಡರಿಸಿಕೊಳ್ಳಲು ಇದ್ದ ಒಂದು ಜಾಗ ಹೋಯಿತು, ಎಚ್ಚರವಾದದ್ದು ಸುಲಭವಾಗಿ ಸುಮ್ಮನಾಗುವುದಿಲ್ಲ ಅಂತಾಯ್ತು.

ಮೇದೋಜೀರಕ ಗ್ರಂಥಿ ಇದನ್ನು ಮಲಗಿಸಿಯೇ ಕಳಿಸುತ್ತದೆ. ಎಬ್ಬಿಸುವುದು ಸಣ್ಣ ಕರುಳಿನ ಎಂಟರೋಕೈನೇಸ್. ರಷ್ಯದ ವಿಜ್ಞಾನಿ ಪಾವ್ಲೋವ್ ಅವರ ಲ್ಯಾಬಿನಲ್ಲಿ 1899ರಲ್ಲೇ ಪತ್ತೆಯಾದ ಕಿಣ್ವ ಅದು. ಸಾಲಾಗಿ ನಾಲ್ಕು ಆಸ್ಪಾರ್ಟೇಟ್, ಆಮೇಲೊಂದು ಲೈಸಿನ್ ಕಂಡರೆ ಅಲ್ಲಿ ಕತ್ತರಿಸುತ್ತದೆ. ತಮಾಷೆ ಏನೆಂದರೆ ಮಾನವ ಟ್ರಿಪ್ಸಿನೋಜೆನ್ ಇದಕ್ಕಾಗಿ ಕಾಯುವುದೇ ಇಲ್ಲ. ಒಂದಿಷ್ಟು ಎದ್ದರೆ ಸಾಕು, ಅವು ಉಳಿದವನ್ನೂ ಎಬ್ಬಿಸುತ್ತವೆ. ಈ ಚಾಳಿ ದನದ ಟ್ರಿಪ್ಸಿನೋಜೆನ್‌ಗಿಂತ ಮನುಷ್ಯನದಕ್ಕೆ ಜಾಸ್ತಿ. ಕಾಯಿಲೆಯ ಗುಟ್ಟೇ ಅದರಲ್ಲಿ ಇರುವಾಗ ಬೇರೆ ಪ್ರಾಣಿಯದನ್ನು ಇಟ್ಟುಕೊಂಡು ಏನು ಮಾಡೋದು?

ದುಡ್ಡು ಜಾಸ್ತಿ ಅಂತ ಗೊಣಗುವವರಿಗೆ ಒಂದು ಮಾತು. ಬ್ಯಾಕ್ಟೀರಿಯಾ ಇದನ್ನು ಸುಮ್ನೆ ಕೈಗೆ ಕೊಡುವುದಿಲ್ಲ. ಮಡಿಕೆ ಕೆಟ್ಟ ಮುದ್ದೆಯಾಗಿ ಒಳಗೇ ಪೇರಿಸಿಡುತ್ತದೆ. ಆ ಮುದ್ದೆಯನ್ನು ಕರಗಿಸಬೇಕು, ಮತ್ತೆ ನಿಧಾನವಾಗಿ ಮಡಿಸಬೇಕು, ಮಡಿಕೆಯನ್ನು ಹಿಡಿದಿಡುವ ಐದು ಡೈಸಲ್ಫೈಡ್ (ಗಂಧಕದ) ಬಂಧಗಳೂ ಸರಿಯಾದ ಜೋಡಿಯಲ್ಲೇ ಕೂರಬೇಕು. ಒಂದು ತಪ್ಪಿದರೂ ಪ್ರೋಟೀನ್ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ನನ್ನ ಪ್ರಕಾರ ನಾವು ಬೆಲೆ ಕೊಡುವುದು ಈ ಮಡಿಸುವ ಕೆಲಸಕ್ಕೆ.

ಮಧ್ಯಾಹ್ನ ಪಿಎಚ್ 8ರ ಬಫರ್, ಸ್ವಲ್ಪ ಕ್ಯಾಲ್ಸಿಯಂ, 37 ಡಿಗ್ರಿ. ಎಂಟರೋಕೈನೇಸ್ ಹಾಕಿದ ಮಾದರಿಗೆ, ಟ್ರಿಪ್ಸಿನ್ ಕತ್ತರಿಸಿದರೆ ಹಳದಿ ಬಣ್ಣ ಬಿಡುವ ಬಿಎಪಿಎನ್‌ಎ ಸೇರಿಸಿದಾಗ ಬೇಗ ಹಳದಿಯಾಯಿತು. ಹಾಕದೆ ಇಟ್ಟಿದ್ದರಲ್ಲಿ ಮೊದಲು, ಆ ಹಳದಿಯನ್ನು ಅಳೆಯುವ 405 ನ್ಯಾನೊಮೀಟರ್ ಬೆಳಕಿನಲ್ಲಿ ಏನೂ ಇರಲಿಲ್ಲ. ಸಂಜೆ ತೆಗೆದ ಮಾದರಿಯಲ್ಲಿ ಚೆನ್ನಾಗಿಯೇ ಏರಿತ್ತು. ಹುಡುಗಿ ಗ್ರಾಫನ್ನು ಎರಡು ಸಲ ನೋಡಿದಳು.

ಒಂದೇ ಕಿರಿಕಿರಿ, ಕಿಣ್ವದ ಕೆಲಸವನ್ನು ಅಳೆಯುವ ಯೂನಿಟ್ ಲೆಕ್ಕ. ಒಬ್ಬರು ಒಂದು ಸಬ್‌ಸ್ಟ್ರೇಟ್ (ಕಿಣ್ವ ಕತ್ತರಿಸುವ ವಸ್ತು) ಮೇಲೆ ಅಳೆಯುತ್ತಾರೆ, ಇನ್ನೊಬ್ಬರು ಇನ್ನೊಂದರ ಮೇಲೆ. ಚೀಟಿಯ ಅಂಕಿ ನೋಡಿ ಹೋಲಿಸಿದರೆ ಕೆಟ್ಟೆವು. ಹಾಗಾಗಿ ಆ 122ನೇ ಜಾಗ ಬದಲಾದ ರೂಪಾಂತರದ ಪ್ರೋಟೀನ್ ಮುಟ್ಟುವ ಮೊದಲು, ಟ್ರಿಪ್ಸಿನ್‌ಗೆ ಒಂದಕ್ಕೊಂದರಂತೆ ಅಂಟಿ ಅದರ ಕೆಲಸ ನಿಲ್ಲಿಸುವ ಇನ್‌ಹಿಬಿಟರ್ ಹಾಕಿ, ಈ ಟ್ಯೂಬಿನಲ್ಲಿ ನಿಜವಾಗಿ ಕೆಲಸ ಮಾಡುವ ಕಿಣ್ವ ಎಷ್ಟಿದೆ ಅಂತ ನಾಳೆ ಅವಳೇ ಅಳೆಯುತ್ತಾಳೆ.