ಮೊದಲು ರೂಮಿನ ಶೆಕೆ ಕಳೆಯಿರಿ, ಆಮೇಲೆ ಪ್ರೊಸೆಸರ್ ನೋಡಿ

ಯುಗಾದಿಗೆ ಊರಿಗೆ ಬಂದ ನಮ್ಮಕ್ಕನ ಮಗ ಈ ಸಲ ತನ್ನ ಸಿಪಿಯು ಡಬ್ಬವನ್ನೂ ದುಪ್ಪಟಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದಿದ್ದ. ಅದಕ್ಕೆ ಕಾರಣ ನಾನೇ. ಒಂದು ತಿಂಗಳಿಂದ ಫೋನಿನಲ್ಲಿ ನಮ್ಮಿಬ್ಬರಿಗೆ ವಾದ ನಡೆದಿತ್ತು. ಇಬ್ಬರ ಹತ್ತಿರವೂ ಇರೋದು ಒಂದೇ ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್ಪು, ಇಂಟೆಲ್ ಐ7-12700. ಬೆಂಗಳೂರಿನ ಅವನ ರೂಮಿನಲ್ಲಿ ವಿಡಿಯೊ ರೆಂಡರ್ ಮಾಡುವಾಗ, ಅಂದರೆ ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಆಗಿ ಕಂಪ್ಯೂಟರ್ ತಯಾರಿಸುವಾಗ, ಅದು 66 ಡಿಗ್ರಿ ತೋರಿಸುತ್ತಿತ್ತು. ದಾವಣಗೆರೆಯ ನನ್ನ ಅಂಗಡಿಯಲ್ಲಿ ಅಂಥದೇ ಕೆಲಸಕ್ಕೆ 84. ಚಿಪ್ಪನ್ನು ತಣಿಸಲು ಅವನದು ನೀರು ಹರಿಸುವ 240 ಎಂಎಂ ಲಿಕ್ವಿಡ್ ಕೂಲರ್, ನನ್ನದು ಡೀಪ್‌ಕೂಲ್ ಎಕೆ400, ಅಂದರೆ ಗಾಳಿಯ ಕೂಲರ್. "ಮಾವ, ಅದನ್ನ ಕಿತ್ತು ಲಿಕ್ವಿಡ್ ಹಾಕ್ಸು. ಹದಿನೆಂಟು ಡಿಗ್ರಿ ಅಂದ್ರೆ ಸಣ್ಣ ಮಾತಲ್ಲ" ಅನ್ನೋದು ಅವನ ಹಟ.

ನನ್ನದು ಮದುವೆ ವಿಡಿಯೊ ಎಡಿಟಿಂಗ್ ಕೆಲಸ. ಯುಗಾದಿ ಕಳೆದರೆ ಲಗ್ನಗಳ ಸಾಲು ಶುರು. ಬಿಸಿಲು ಜೋರಾಗೋದೂ ಅದೇ ಹೊತ್ತಿಗೆ. ವರ್ಷದಲ್ಲಿ ಕಂಪ್ಯೂಟರಿಗೆ ಹೆಚ್ಚು ದುಡಿತ ಬೀಳೋ ಎರಡು ತಿಂಗಳೇ ಊರು ಹೆಚ್ಚು ಕಾಯೋ ಎರಡು ತಿಂಗಳು. ಅದಕ್ಕೇ ಈ ಲೆಕ್ಕ ನನಗೆ ಹೊಟ್ಟೆಪಾಡಿನ ಲೆಕ್ಕ.

ಹಬ್ಬದ ಮಾರನೇ ದಿನ ಮಧ್ಯಾಹ್ನ ಮೂರಕ್ಕೆ ಅವನ ಡಬ್ಬವನ್ನು ನನ್ನ ಡಬ್ಬದ ಪಕ್ಕದಲ್ಲೇ ಮೇಜಿನ ಮೇಲಿಟ್ಟೆವು. ಗೋಡೆಯ ಥರ್ಮಾಮೀಟರ್ 36 ತೋರಿಸುತ್ತಿತ್ತು. ಎರಡರಲ್ಲೂ ಬಯೋಸ್‌ಗೆ, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗಿಗೆ ಹೋಗಿ ಪ್ರೊಸೆಸರ್ ಎಳೆಯುವ ಕರೆಂಟಿಗೆ 125 ವ್ಯಾಟ್ ಮಿತಿ ಹಾಕಿದೆವು. ಅವನು ಬೆಂಗಳೂರಿನಲ್ಲಿ, ನಾನು ಇಲ್ಲಿ ಮೊದಲಿನಿಂದ ಅಳೆದದ್ದೂ ಆ ಮಿತಿಯಲ್ಲೇ. ಒಂದೇ ವಿಡಿಯೊ ರೆಂಡರ್‌ಗೆ ಹಾಕಿ ಅರ್ಧ ಗಂಟೆ ಕೂತೆವು. ನನ್ನದು 84ಕ್ಕೆ ನಿಂತಿತು. ಅವನದು 70 ದಾಟಿತು, 75 ದಾಟಿತು, 77ಕ್ಕೆ ಬಂದು ನಿಂತಿತು.

"ಏನ್ ಮಾವ, ನಂದೂ ಏರ್ತಲ್ಲ!"

ಏರಲೇಬೇಕಿತ್ತು. ಬೆಂಗಳೂರಿನ ಅವನ ರೂಮು 25 ಡಿಗ್ರಿ. 66ರಲ್ಲಿ 25 ಕಳೆದರೆ 41. ನನ್ನ ಅಂಗಡಿಯಲ್ಲಿ 77ರಲ್ಲಿ 36 ಕಳೆದರೂ 41. ಅವನ ಕೂಲರ್ ಎರಡೂ ಊರಿನಲ್ಲಿ ಒಂದೇ ಕೆಲಸ ಮಾಡಿದೆ. ನನ್ನದರ ಲೆಕ್ಕ 84ರಲ್ಲಿ 36 ಹೋದರೆ 48. ಎರಡು ಕೂಲರ್‌ಗಳ ನಡುವಿನ ನಿಜವಾದ ಅಂತರ ಏಳು ಡಿಗ್ರಿ. ಫೋನಿನಲ್ಲಿ ಅವನು ಹೇಳುತ್ತಿದ್ದ ಹದಿನೆಂಟರಲ್ಲಿ ಹನ್ನೊಂದು ಡಿಗ್ರಿ ನಮ್ಮೂರ ಬಿಸಿಲಿನದು.

ಕೂಲರ್ ಯಾವುದೇ ಇರಲಿ, ಅದು ಕೊನೆಗೆ ಶಾಖವನ್ನು ಸುರಿಯೋದು ರೂಮಿನ ಗಾಳಿಗೇ. ಲಿಕ್ವಿಡ್ ಕೂಲರಿನ ನೀರೂ ರೇಡಿಯೇಟರಿಗೆ ಬಂದು ಅದೇ ಗಾಳಿಗೆ ಬಿಸಿ ಕೊಟ್ಟು ವಾಪಸ್ ಹೋಗಬೇಕು. ರೂಮಿಗಿಂತ ತಣ್ಣಗೆ ಮಾಡೋದು ಇವುಗಳಲ್ಲಿ ಯಾವುದರ ಕೈಯಲ್ಲೂ ಆಗೋದಿಲ್ಲ. ಹಾಗಾಗಿ ಎಲ್ಲೋ 22 ಡಿಗ್ರಿ ಏಸಿಯಲ್ಲಿ ಕೂತು ಅಳೆದ ಅಂಕಿಯನ್ನು ನೋಡಿ ನಮ್ಮ ಮಿಷಿನ್ನಿಗೆ ರೋಗ ಬಂದಿದೆ ಅಂತ ಗಾಬರಿಯಾಗಬೇಡಿ. ಮೊದಲು ಒಂದು ಥರ್ಮಾಮೀಟರ್ ತಂದು ಡಬ್ಬದ ಮುಂದೆ, ಗಾಳಿ ಒಳಗೆ ಹೋಗುವ ಕಡೆ ಇಡಿ.

ಡಬ್ಬದ ಮುಂದೆ ಅಂತ ಒತ್ತಿ ಹೇಳೋದಕ್ಕೆ ಕಾರಣ ಇದೆ. ಹೋದ ವರ್ಷದವರೆಗೆ ನನ್ನ ಸಿಪಿಯು ಮೇಜಿನ ಕೆಳಗಿನ ಕಪಾಟಿನಲ್ಲಿ ಇತ್ತು. ಧೂಳು ಹೋಗಬಾರದು ಅಂತ ಬಡಗಿಗೆ ಹೇಳಿ ಬಾಗಿಲು ಇಡಿಸಿದ್ದೆ. ಆಗ ಪ್ರೊಸೆಸರ್ ಜೊತೆಗೇ ಬರುವ ಸಣ್ಣ ಕೂಲರ್ ಇತ್ತು. ರೆಂಡರ್‌ಗೆ ಹಾಕಿದ ಒಂದೇ ನಿಮಿಷದಲ್ಲಿ 100. ಈ ಚಿಪ್ಪಿಗೆ 100 ಡಿಗ್ರಿಯೇ ಗಡಿ. ಗಡಿ ಮುಟ್ಟಿದರೆ ಸುಟ್ಟು ಹೋಗೋದಿಲ್ಲ, ತಾನೇ ವೇಗ ಇಳಿಸಿಕೊಂಡು ಉಳಿಯುತ್ತದೆ. 4 ಗಿಗಾಹರ್ಟ್ಸ್ ಮೇಲೆ ಓಡಬೇಕಾದದ್ದು 3.2ಕ್ಕೆ ಬಂದು ತೆವಳುತ್ತಿತ್ತು. ಒಂದೂವರೆ ಗಂಟೆಯ ರೆಂಡರ್ ಎರಡು ಗಂಟೆಗೆ ಹೋಗಿತ್ತು.

ಆಗ ನಾನು ಮಾಡಿದ ತಪ್ಪನ್ನು ಬೇರೆಯವರೂ ಮಾಡುವುದನ್ನು ನೋಡಿದ್ದೇನೆ. ಬರೀ ಡಿಗ್ರಿ ನೋಡುತ್ತಾ ಕೂತಿದ್ದೆ. ಬೆಳಿಗ್ಗೆ ನೋಡಿದರೂ 100, ಮಧ್ಯಾಹ್ನವೂ 100. ಹಾಗಾದರೆ ಬಿಸಿಲಿಗೂ ಇದಕ್ಕೂ ಸಂಬಂಧ ಇಲ್ಲ ಅಂದುಕೊಂಡೆ. ಆದರೆ ಗಡಿ ಮುಟ್ಟಿದ ಮೇಲೆ ಡಿಗ್ರಿ ಏನನ್ನೂ ಹೇಳೋದಿಲ್ಲ, ಅದು ಅಲ್ಲೇ ನಿಂತಿರುತ್ತದೆ. ಆಗ ನೋಡಬೇಕಾದದ್ದು ವ್ಯಾಟ್ ಮತ್ತು ವೇಗ. ಎಚ್‌ಡಬ್ಲ್ಯೂಇನ್ಫೊ ಸಾಫ್ಟ್‌ವೇರಿನಲ್ಲಿ ಇವೆರಡೂ ಸಿಗುತ್ತವೆ. ಬೆಳಿಗ್ಗೆ ಅದೇ 100ಕ್ಕೆ ಹೆಚ್ಚು ವ್ಯಾಟ್ ಎಳೆದು ಹೆಚ್ಚು ಕೆಲಸ ಮಾಡುತ್ತಿತ್ತು. ಅದನ್ನು ಗಮನಿಸುವ ಹೊತ್ತಿಗೆ ಅರ್ಧ ಸೀಸನ್ನೇ ಮುಗಿದಿತ್ತು.

ಈ ಚಿಪ್ಪಿನ ಡಬ್ಬಿ ಮೇಲೆ ಬರೆದಿರೋದು 65 ವ್ಯಾಟ್. ಟರ್ಬೊದಲ್ಲಿ, ಅಂದರೆ ತಾನಾಗಿ ವೇಗ ಏರಿಸಿಕೊಂಡಾಗ, 180ರವರೆಗೂ ಹೋಗುತ್ತದೆ. ಎಷ್ಟೋ ಮದರ್‌ಬೋರ್ಡ್‌ಗಳು ಆ ಕಡಿವಾಣವನ್ನು ಸಡಿಲ ಬಿಟ್ಟಿರುತ್ತವೆ. ಅದಕ್ಕೇ ನಾವು ಮಿತಿ ಹಾಕಿ ಅಳೆದದ್ದು. ವ್ಯಾಟ್ ಸಮ ಇಲ್ಲದೆ ಎರಡು ಕೂಲರ್ ಹೋಲಿಸೋದು, ಒಂದು ಗಾಡಿಗೆ ಐದು ಚೀಲ, ಇನ್ನೊಂದಕ್ಕೆ ಹತ್ತು ಚೀಲ ಹೇರಿ ಓಡಿಸಿದ ಹಾಗೆ.

ಒಂದಿನ ಆ ಕಪಾಟಿನೊಳಗೆ ಥರ್ಮಾಮೀಟರ್ ಇಟ್ಟು ಬಾಗಿಲು ಹಾಕಿದೆ. ಹೊರಗೆ 36, ಒಳಗೆ 45. ತಾನು ಉಗುಳಿದ ಬಿಸಿಗಾಳಿಯನ್ನೇ ಅದು ಮತ್ತೆ ಉಸಿರಾಡುತ್ತಿತ್ತು. ಬಾಗಿಲು ಕಿತ್ತೆ. ಒಂಬತ್ತು ಡಿಗ್ರಿ, ಪೈಸೆ ಖರ್ಚಿಲ್ಲದೆ. ಈಗಿನ ಎಕೆ400 ಕಿತ್ತು ಲಿಕ್ವಿಡ್ ಹಾಕಿಸಿದರೆ ಸಿಗುವ ಏಳಕ್ಕಿಂತ ಇದು ಹೆಚ್ಚು.

ಇನ್ನು ಧೂಳು. ನನ್ನ ಅಂಗಡಿ ಇರೋದು ಮಂಡಕ್ಕಿ ಭಟ್ಟಿಗಳ ಗಾಳಿ ಬೀಸೋ ಕಡೆ. ಸಂಜೆ ಮೇಜು ಒರೆಸಿದರೆ ಬಟ್ಟೆ ಕಪ್ಪಾಗುತ್ತದೆ. ನನ್ನ ಹತ್ತಿರ ಹಳೇ ಮಿಷಿನ್ ಒಂದಿದೆ, ಎಎಂಡಿ ರೈಜನ್ 5 3600. ಆಲ್ಬಂ ಡಿಸೈನ್ ಮಾಡುವ ಹುಡುಗಿ ಅದರಲ್ಲಿ ಕೆಲಸ ಮಾಡುತ್ತಾಳೆ. ಅದರ ಗಡಿ 95. ಒಂದಿನ "ಅಣ್ಣ, ಫ್ಯಾನ್ ಭಾಳ ಕೂಗ್ತೈತೆ ನೋಡ್ರಿ" ಅಂದಳು. ನೋಡಿದರೆ 92. ಫ್ಯಾನ್ ಬಿಚ್ಚಿದೆ. ಕೆಳಗೆ ಅಲ್ಯೂಮಿನಿಯಂ ರೆಕ್ಕೆಗಳೇ ಕಾಣಲಿಲ್ಲ. ಮಸಿ, ಕೂದಲು, ಧೂಳು ಕೂಡಿ ಚಳ್ಳಕೆರೆ ಕಂಬಳಿ ಹಾಸಿದ ಹಾಗೆ ಒಂದು ಪದರ ಕೂತಿತ್ತು. ಚಿಮಟದಲ್ಲಿ ಒಂದು ಮೂಲೆ ಹಿಡಿದು ಎಳೆದರೆ ಇಡೀ ಪದರ ಒಂದೇ ತುಂಡಾಗಿ ಎದ್ದು ಬಂತು. ಹಿಂಬದಿಯಲ್ಲಿ ಆ ರೆಕ್ಕೆಗಳ ಗೆರೆ ಗೆರೆಯೂ ಅಚ್ಚೊತ್ತಿತ್ತು. ಉಳಿದದ್ದನ್ನು ಬ್ಲೋವರಿನಲ್ಲಿ ಊದಿದೆ. ಊದುವಾಗ ಫ್ಯಾನಿಗೆ ಬೆರಳು ಕೊಟ್ಟು ಹಿಡಿದಿರಿ, ಸುಮ್ಮನೆ ಗಿರಗಿರ ತಿರುಗಲು ಬಿಟ್ಟರೆ ಬೇರಿಂಗ್ ಹಾಳು. ಅಷ್ಟಕ್ಕೇ 92 ಇದ್ದದ್ದು 84ಕ್ಕೆ ಬಂತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟೂ ಬದಲಾಯಿಸೋಣ ಅಂತ ಮಾರನೇ ದಿನ ಬೆಳಿಗ್ಗೆ ಕೂತೆ. ಸ್ಕ್ರೂ ಬಿಚ್ಚಿ ಕೂಲರನ್ನು ನೆಟ್ಟಗೆ ಮೇಲಕ್ಕೆ ಎಳೆದೆ. ಕೂಲರ್ ಜೊತೆಗೆ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತು ಬಂತು. ವರ್ಷಗಟ್ಟಲೆ ಒಣಗಿದ ಪೇಸ್ಟು ಅಂಟಿನ ಹಾಗೆ ಹಿಡಿದಿತ್ತು. ಆ ಮಾಡೆಲ್ಲಿನಲ್ಲಿ ಪಿನ್ನುಗಳು ಇರೋದು ಪ್ರೊಸೆಸರಿನ ಹೊಟ್ಟೆಗೇ, 1331 ಪಿನ್ನು. ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ಸಾಲು ಸಾಲಾಗಿ ನೋಡಿದೆ. ಮೂಲೆಯ ಹತ್ತಿರ ಎರಡು ಪಿನ್ನು ಬಾಗಿದ್ದವು. ನನ್ನ ಮಗಳ ಕಂಪಾಸ್ ಡಬ್ಬಿಯಿಂದ 0.5ರ ಲೆಡ್ ಪೆನ್ಸಿಲ್ ತಂದು, ಲೆಡ್ ತೆಗೆದು, ಅದರ ತುದಿಯ ತೂತನ್ನು ಒಂದೊಂದೇ ಪಿನ್ನಿಗೆ ತೊಡಿಸಿ ಕೂದಲೆಳೆಯಷ್ಟೇ ಬಗ್ಗಿಸುತ್ತಾ ನೆಟ್ಟಗೆ ಮಾಡಿದೆ. ಮುಕ್ಕಾಲು ಗಂಟೆ ಹಿಡಿಯಿತು. ಕೈ ಬೆವೆತು ಎರಡು ಸಲ ಎದ್ದು ಹೋಗಿ ಒರೆಸಿಕೊಂಡು ಬಂದೆ. ಸಾಕೆಟ್ಟಿಗೆ ಇಟ್ಟಾಗ ಒತ್ತದೇ ತಾನಾಗಿ ಕೂತಿತು. ಆಮೇಲೇ ಉಸಿರು ಬಿಟ್ಟೆ. ಮಾಡಬೇಕಾದ ಕ್ರಮ ಇದು: ಹತ್ತು ನಿಮಿಷ ಕೆಲಸ ಕೊಟ್ಟು ಪೇಸ್ಟು ಮೆತ್ತಗಾಗಲಿ, ಆಮೇಲೆ ಮಿಷಿನ್ ಆಫ್ ಮಾಡಿ ಪ್ಲಗ್ ತೆಗೆದು, ಕೂಲರನ್ನು ಆ ಕಡೆ ಈ ಕಡೆ ಮೆಲ್ಲಗೆ ತಿರುಗಿಸಿ ಬಿಡಿಸಿಕೊಂಡು, ಆಮೇಲೆ ಎತ್ತಬೇಕು.

ಹೊಸ ಪೇಸ್ಟಿನಿಂದ ಸಿಕ್ಕಿದ್ದು ನಾಲ್ಕು ಡಿಗ್ರಿ. ಪೇಸ್ಟು ಯಾಕೆ ಬೇಕು ಅಂತ ಆ ಹುಡುಗಿ ಕೇಳಿದಳು. ಭಟ್ಟಿಯಲ್ಲಿ ಮಂಡಕ್ಕಿ ಹುರಿಯೋದಕ್ಕೆ ಮರಳು ಯಾಕೆ ಹಾಕ್ತಾರೋ ಅದಕ್ಕೇ ಅಂದೆ. ಬರೀ ಬಾಣಲೆಗೆ ಅಕ್ಕಿ ತಾಗೋದು ಒಂದು ಕಡೆ ಮಾತ್ರ. ಮರಳು ಸುತ್ತ ತುಂಬಿಕೊಂಡು ಎಲ್ಲ ಕಡೆಗೂ ಬಿಸಿ ಮುಟ್ಟಿಸುತ್ತದೆ. ಎರಡು ಲೋಹದ ನಡುವೆ ಕಣ್ಣಿಗೆ ಕಾಣದ ಸಂದು ಇರುತ್ತವೆ, ಅಲ್ಲಿ ಗಾಳಿ ಕೂತರೆ ಬಿಸಿ ದಾಟೋದಿಲ್ಲ. ಆ ಸಂದು ತುಂಬಲು ಒಂದು ಕಡಲೆಕಾಳಿನಷ್ಟು ಪೇಸ್ಟು ಸಾಕು. ಬೆಣ್ಣೆ ದೋಸೆಗೆ ಹಾಕಿದ ಹಾಗೆ ಧಾರಾಳವಾಗಿ ಹಾಕಿದರೆ ಸುತ್ತ ಸೋರುತ್ತದೆ ಅಷ್ಟೇ.

ದೋಸೆ ಅಂದ ಮೇಲೆ ಹೀಟ್ ಪೈಪಿನ ಮಾತೂ ಹೇಳಿಬಿಡುತ್ತೇನೆ. ಎಕೆ400ಗೆ ನಾಲ್ಕು ತಾಮ್ರದ ಕೊಳವೆ ಇವೆ. ಅವು ಗಟ್ಟಿ ತಾಮ್ರ ಅಲ್ಲ, ಒಳಗೆ ಗಾಳಿ ತೆಗೆದು ಚೂರು ದ್ರವ ಹಾಕಿ ಮುಚ್ಚಿರುತ್ತಾರೆ. ದೋಸೆ ಭಟ್ಟರು ಕಾದ ಕಾವಲಿ ಮೇಲೆ ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸಿದರೆ ಚುಂಯ್ ಅಂತ ಆವಿಯಾಗಿ ಕಾವನ್ನು ಎತ್ತಿಕೊಂಡು ಹೋಗುತ್ತದಲ್ಲ, ಒಳಗೆ ನಡೆಯೋದು ಅದೇ. ಚಿಪ್ಪಿನ ಕಡೆ ಆವಿಯಾಗಿ, ರೆಕ್ಕೆಗಳ ಕಡೆ ತಣ್ಣಗಾಗಿ ಮತ್ತೆ ದ್ರವವಾಗಿ ಒಳಗೋಡೆಯ ಬತ್ತಿ ಹಿಡಿದು ವಾಪಸ್ ಬರುತ್ತದೆ. ಇದಕ್ಕೆ ಪಂಪ್ ಬೇಡ. ಲಿಕ್ವಿಡ್ ಕೂಲರಿಗೆ ಪಂಪ್ ಬೇಕು. ಸೀಸನ್ ನಡುವೆ ಆ ಪಂಪ್ ನಿಂತರೆ ಕೆಲಸವೂ ನಿಂತಿತು. ನನ್ನದರಲ್ಲಿ ಕೆಡಬಹುದಾದದ್ದು ಒಂದು ಫ್ಯಾನ್, ಅದು ನಮ್ಮೂರಲ್ಲೇ ಸಿಗುತ್ತದೆ. ಏಳು ಡಿಗ್ರಿಯನ್ನು ನಾನು ಇದಕ್ಕಾಗಿಯೇ ಬಿಟ್ಟುಕೊಟ್ಟಿದ್ದೇನೆ, ಬೇಜಾರಿಲ್ಲ. ನಮ್ಮ ಹುಡುಗ ದಿನವಿಡೀ ಪ್ರೊಸೆಸರನ್ನು 180 ವ್ಯಾಟಿಗೆ ಓಡಿಸೋದಾದರೆ ಅವನಿಗೆ ಲಿಕ್ವಿಡ್ಡೇ ಸರಿ, ಅದನ್ನೂ ಒಪ್ಪುತ್ತೇನೆ.

ಅವನು ಊರಿಂದ ಹೊರಡೋ ಮುಂಚೆ ಇನ್ನೊಂದು ಅಳತೆ ತೆಗೆದೆವು. ಅಂಗಡಿಯ ಕಿಟಕಿಗೆ ನೀರಿನ ಏರ್ ಕೂಲರ್ ಹಾಕಿ, ಎದುರಿನ ಬಾಗಿಲು ತೆಗೆದಿಟ್ಟೆವು. ಏಪ್ರಿಲ್ಲಿನ ನಮ್ಮ ಒಣ ಗಾಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ರೂಮು 36ರಿಂದ 31ಕ್ಕೆ ಇಳಿಯಿತು. ಅವನದು 72, ನನ್ನದು 79. ಎರಡೂ ಲೆಕ್ಕ ಹಾಕಿದಂತೆ ಐದೈದು ಇಳಿದವು. ನೀರಿನ ಹನಿ ನೇರ ಡಬ್ಬಕ್ಕೆ ಬಡಿಯದ ಹಾಗೆ ಗಾಳಿಯನ್ನು ಗೋಡೆ ಕಡೆ ತಿರುಗಿಸಿದ್ದೆವು. ಮಳೆ ಹಿಡಿದು ಗಾಳಿಯಲ್ಲಿ ತೇವ ತುಂಬಿದ ಮೇಲೆ ಈ ಉಪಾಯ ನಡೆಯೋದಿಲ್ಲ, ಆಗ ಬೇಕಾಗೋದೂ ಇಲ್ಲ.

ಈಗ ದೊಡ್ಡ ರೆಂಡರ್‌ಗಳನ್ನೆಲ್ಲ ಬೆಳಗಿನ ಹೊತ್ತಿಗೆ ಹಾಕುತ್ತೇನೆ. ಇವತ್ತು ಆರು ಗಂಟೆಗೆ ಅಂಗಡಿ ತೆಗೆದಾಗ ರೂಮು 28 ಇತ್ತು. ಹೊನ್ನಾಳಿ ಕಡೆಯವರ ಮದುವೆ ವಿಡಿಯೊ ಹಾಕಿ ಅರ್ಧ ಗಂಟೆ ನೋಡಿದೆ. 76ಕ್ಕೆ ನಿಂತಿತು. ಬಾಗಿಲು ಎಳೆದುಕೊಂಡು ದೋಸೆಗೆ ಹೊರಟೆ.