‘ಪುಟಿನ್ ಅಲ್ಲದಿದ್ದರೆ ಇನ್ಯಾರು?’

ರಷ್ಯಾದ ಜನ ಪುಟಿನ್‌ರನ್ನು ಇಷ್ಟು ವರ್ಷ ಯಾಕೆ ಬೆಂಬಲಿಸುತ್ತಾ ಬಂದರು? ಭಯ ಅಂತಾರೆ ಕೆಲವರು, ಟಿವಿ ನೋಡಿ ತಲೆ ಕೆಟ್ಟಿದೆ ಅಂತಾರೆ ಇನ್ನು ಕೆಲವರು. ಎರಡೂ ಸುಳ್ಳಲ್ಲ. ಆದರೆ ಅಲ್ಲಿನ ತೊಂಬತ್ತರ ದಶಕ ಗೊತ್ತಿಲ್ಲದೆ ಆ ಜನರನ್ನು ಸುಮ್ನೆ ಬೈಯುವುದು ನನಗೆ ಸರಿ ಕಾಣುವುದಿಲ್ಲ.

ಸೋವಿಯತ್ ಒಕ್ಕೂಟ ಒಡೆದ ಬೆನ್ನಿಗೇ, 1992ರ ಜನವರಿಯಲ್ಲಿ ಸರ್ಕಾರ ಬೆಲೆಗಳ ಮೇಲಿನ ಹಿಡಿತ ಬಿಟ್ಟಿತು. ಆ ಒಂದೇ ವರ್ಷದಲ್ಲಿ ಬೆಲೆ ಸುಮಾರು 26 ಪಟ್ಟಾಯಿತು. ಜೀವನವಿಡೀ ದುಡಿದು ಕೂಡಿಟ್ಟ ಹಣ ಯಾವುದಕ್ಕೂ ಸಾಲದಾಯಿತು, ಸಂಬಳ, ಪಿಂಚಣಿ ತಿಂಗಳುಗಟ್ಟಲೆ ಬರಲಿಲ್ಲ, ಗಂಡಸರ ಸರಾಸರಿ ಆಯಸ್ಸು 1994ರಲ್ಲಿ 58ಕ್ಕಿಂತ ಕೆಳಗಿಳಿಯಿತು. ಹೇಗೋ ಸುಧಾರಿಸಿಕೊಳ್ಳುತ್ತಿದ್ದಾಗ 1998ರ ಆಗಸ್ಟ್‌ನಲ್ಲಿ ರೂಬಲ್ ಮತ್ತೆ ಕುಸಿಯಿತು. ಇದೆಲ್ಲ ನಡೆದದ್ದು ಪ್ರಜಾಪ್ರಭುತ್ವದ ಹೆಸರಿನಲ್ಲೇ ಅಲ್ವಾ?

2000ದಲ್ಲಿ ಪುಟಿನ್ ಅಧ್ಯಕ್ಷರಾದರು. ತೈಲದ ಬೆಲೆ ಏರಿತು, ಸಂಬಳ ಹೊತ್ತಿಗೆ ಸರಿಯಾಗಿ ಬರತೊಡಗಿತು. ಅಷ್ಟಕ್ಕೇ ಜನ ನೆಮ್ಮದಿಯ ಉಸಿರು ಬಿಟ್ಟರು. ಆದರೆ ಹೊಟ್ಟೆ ತುಂಬಿಸಿದ ನೆನಪು ಎಷ್ಟು ವರ್ಷ ಬರುತ್ತದೆ? 2014ರ ಹೊತ್ತಿಗೆ ಆರ್ಥಿಕತೆ ಮಂದವಾಗಿತ್ತು. ಆಗ ‘ಮಹಾನ್ ರಷ್ಯಾ’ದ ಮಾತು ಜೋರಾಯಿತು. ಸುತ್ತ ಶತ್ರುಗಳಿದ್ದಾರೆ, ಪಶ್ಚಿಮದವರು ನಮ್ಮನ್ನು ಒಡೆಯಲು ಕಾಯುತ್ತಿದ್ದಾರೆ, ಈ ಕೈ ಸಡಿಲವಾದರೆ ಮತ್ತೆ ತೊಂಬತ್ತರ ದಶಕವೇ ಗತಿ ಅಂತ. ಉಕ್ರೇನ್‌ನ ಕ್ರಿಮಿಯಾ ವಶಪಡಿಸಿಕೊಂಡ ಮೇಲೆ, ಅಲ್ಲಿನ ಸ್ವತಂತ್ರ ಸಮೀಕ್ಷಾ ಸಂಸ್ಥೆ ಲೆವಾಡಾದ ಸಮೀಕ್ಷೆಯಲ್ಲಿ ಪುಟಿನ್‌ರ ಬೆಂಬಲ ಶೇ. 80 ದಾಟಿತು. ನಿಜವಾಗಿ ಅನುಭವಿಸಿದ ಸಂಕಟವನ್ನೇ ಹೀಗೆ ಬೆದರಿಕೆಯಾಗಿ ಬಳಸಿಕೊಂಡದ್ದು ನನಗೆ ತುಂಬಾ ಕ್ರೂರ ಅನಿಸುತ್ತದೆ.

ಈ ಬೆಂಬಲ ಕುರುಡೂ ಅಲ್ಲ. 2018ರಲ್ಲಿ ಗಂಡಸರ ಪಿಂಚಣಿ ವಯಸ್ಸನ್ನು 60ರಿಂದ 65ಕ್ಕೆ ಏರಿಸಲು ಹೊರಟಾಗ ಅವರ ಜನಪ್ರಿಯತೆ ಚೆನ್ನಾಗಿಯೇ ಇಳಿಯಿತು. ಜನ ಸಿಟ್ಟಾದರು, ಬೀದಿಗೂ ಬಂದರು. ಆದರೆ ಸಿಟ್ಟು ಬಂದವರು ಯಾರ ಕಡೆ ಹೋಗಬೇಕು? ವಿರೋಧ ಪಕ್ಷದ ನಾಯಕ ಬೋರಿಸ್ ನೆಮ್ತ್ಸೊವ್ 2015ರಲ್ಲೇ ಕ್ರೆಮ್ಲಿನ್ ಪಕ್ಕದ ಸೇತುವೆ ಮೇಲೆ ಗುಂಡೇಟಿಗೆ ಬಲಿಯಾಗಿದ್ದರು. ಇನ್ನೊಬ್ಬ ವಿರೋಧಿ ನಾಯಕ ಅಲೆಕ್ಸಿ ನವಾಲ್ನಿಯನ್ನು 2018ರ ಅಧ್ಯಕ್ಷ ಚುನಾವಣೆಗೇ ನಿಲ್ಲಲು ಬಿಟ್ಟಿರಲಿಲ್ಲ, 2024ರ ಫೆಬ್ರವರಿಯಲ್ಲಿ ಅವರು ಜೈಲಿನಲ್ಲೇ ತೀರಿಕೊಂಡರು. ಬೇರೆ ಯಾರೂ ಕಣ್ಣಿಗೆ ಬೀಳದ ಹಾಗೆ ಮಾಡಿಟ್ಟು, ಆಮೇಲೆ ‘ಪುಟಿನ್ ಅಲ್ಲದಿದ್ದರೆ ಇನ್ಯಾರು?’ ಅಂತ ಕೇಳಿದರೆ ಜನ ಏನು ಹೇಳಬೇಕು?

ಇದಕ್ಕಿಂತ ಜಾಸ್ತಿ ಕಾಡುವುದು ಇನ್ನೊಂದು ಅನಿಶ್ಚಿತತೆ. ಪಕ್ಕದ ಮನೆಯವರ ಮನಸ್ಸಿನಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ. ಉಕ್ರೇನ್ ಮೇಲೆ ಯುದ್ಧ ಶುರುವಾದ ಮೇಲೆ, 2022ರ ಮಾರ್ಚ್‌ನಿಂದ ಸೇನೆಗೆ ಕೆಟ್ಟ ಹೆಸರು ತರುವ ಮಾತಾಡಿದರೆ ಶಿಕ್ಷೆ. ಫೋನಿನಲ್ಲಿ ಅಪರಿಚಿತರು ಅಭಿಪ್ರಾಯ ಕೇಳಿದರೆ ಮನಸ್ಸು ಬಿಚ್ಚಿ ಮಾತಾಡುವವರು ಎಷ್ಟು ಮಂದಿ? ಒಬ್ಬೊಬ್ಬರೂ ತಾನೊಬ್ಬನೇ ವಿರೋಧಿ ಅಂದುಕೊಂಡು ಬಾಯಿ ಮುಚ್ಚಿಕೊಂಡರೆ, ಹೊರಗಿನಿಂದ ನೋಡುವವರಿಗೆ ಅದೂ ಬೆಂಬಲದ ಹಾಗೇ ಕಾಣುತ್ತದೆ. 2024ರ ಜನವರಿಯಲ್ಲಿ ಯುದ್ಧ ವಿರೋಧಿ ಬೋರಿಸ್ ನದೇಝ್ದಿನ್ ಅಧ್ಯಕ್ಷ ಚುನಾವಣೆಗೆ ನಿಲ್ಲಲಿ ಅಂತ ಸಹಿ ಹಾಕಲು ಊರೂರಲ್ಲಿ ಜನ ಕೊರೆಯುವ ಚಳಿಯಲ್ಲಿ ಸಾಲು ನಿಂತರು. ತಮ್ಮ ಹಾಗೆ ಯೋಚಿಸುವವರು ಇಷ್ಟು ಜನ ಇದ್ದಾರೆ ಅಂತ ಅವರಿಗೆ ಕಣ್ಣಾರೆ ಕಂಡದ್ದು ಆ ಸಾಲುಗಳಲ್ಲಿ. ಮುಂದಿನ ತಿಂಗಳೇ ಚುನಾವಣಾ ಆಯೋಗ ಸಹಿಗಳಲ್ಲಿ ದೋಷ ಇದೆ ಅಂತ ಹೇಳಿ ನದೇಝ್ದಿನ್‌ಗೆ ಸ್ಪರ್ಧಿಸಲು ಅವಕಾಶ ಕೊಡಲಿಲ್ಲ.